ಯಂತ್ರ ಕಾಣದ್ದನ್ನು ರೋಗಿಯ ಬಾಯಲ್ಲೇ ಕೇಳಬೇಕು

ಹಳೇ ಮೈಸೂರು ಸೀಮೆಯ ಎಷ್ಟೋ ಮನೆಗಳಿಗೆ ಇದು ಗೊತ್ತಿರುವ ಸಂಗತಿ. ಹುಡುಗ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋಗುತ್ತಾನೆ. ಹಂಡೆಯಲ್ಲಿ ಕಾದ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿದುಕೊಳ್ಳುತ್ತಾನೆ. ನಾಲ್ಕಾರು ಚೊಂಬು ಬೀಳುವಷ್ಟರಲ್ಲಿ ಮಂಕು ಕವಿಯುತ್ತದೆ, ಮಾತು ತೊದಲುತ್ತದೆ, ಕೆಲವರಿಗೆ ಕೈಕಾಲು ಸೆಟೆದು ಪ್ರಜ್ಞೆಯೇ ತಪ್ಪುತ್ತದೆ. ಇನ್ನು ಕೆಲವರಿಗೆ ಆ ಕ್ಷಣದಲ್ಲಿ ನೀರು ಸುರಿದುಕೊಳ್ಳುತ್ತಲೇ ಇರಬೇಕೆನಿಸುವ ತಡೆಯಲಾಗದ ಹಂಬಲ ಹುಟ್ಟುತ್ತದೆ. ಮನೆಯವರು ಬಾಗಿಲು ಒಡೆದು ಎತ್ತಿಕೊಂಡು ಬಂದು, ಗಾಳಿ ಸೋಕಿತೆಂದು ನಂಬಿ ತಾಯತ ಕಟ್ಟಿಸುತ್ತಾರೆ. ಇದು ಬಿಸಿನೀರಿನ ಅಪಸ್ಮಾರ. ಜಗತ್ತಿನಲ್ಲಿ ಇದರ ಬಗ್ಗೆ ಅತಿ ಹೆಚ್ಚು ವರದಿಗಳು ಬಂದಿರುವುದು ದಕ್ಷಿಣ ಭಾರತದಿಂದ, ಅದರಲ್ಲೂ ಕರ್ನಾಟಕದಿಂದ.

1945ರಲ್ಲಿ ನ್ಯೂಜಿಲೆಂಡಿನ ವೈದ್ಯರೊಬ್ಬರು ಇಂತಹದೊಂದು ಪ್ರಕರಣವನ್ನು ಮೊದಲು ದಾಖಲಿಸಿದ್ದರು. ಅದು ಅಪರೂಪದ ಕುತೂಹಲವಾಗಿಯೇ ಉಳಿಯಬಹುದಿತ್ತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ 1960ರ ದಶಕದ ಕೊನೆಯಲ್ಲಿ ಇಲ್ಲಿನ ರೋಗಿಗಳ ಬಗ್ಗೆ ಬರೆದರು. 1970ರ ದಶಕದ ಮಧ್ಯದ ಹೊತ್ತಿಗೆ ಅವರ ಕೈಯಲ್ಲಿ 108 ಜನರ ವಿವರವಿತ್ತು. ಆಮೇಲೆ ಈ ಎಳೆಯನ್ನು ಹಿಡಿದು ಬಿಡದೆ ಎಳೆದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ. ಅವರ ತಂಡ 1988ರಲ್ಲಿ ‘ಎಪಿಲೆಪ್ಸಿಯಾ’ ಪತ್ರಿಕೆಯಲ್ಲಿ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದ ಮೇಲೂ ಸತೀಶ್ಚಂದ್ರರ ಹೆಸರು ಈ ಕಾಯಿಲೆಯ ಹೊಸ ಹೊಸ ಅಧ್ಯಯನಗಳ ಮೇಲೆ ಕಾಣಿಸಿಕೊಳ್ಳುತ್ತಲೇ ಬಂತು. ಒಂದು ಪ್ರಶ್ನೆಯ ಜೊತೆ ಇಷ್ಟು ದೀರ್ಘಕಾಲ ಬಾಳುವ ಸಂಶೋಧಕರು ನಮ್ಮಲ್ಲಿ ಕಡಿಮೆ. ಹಾಗಾಗಿಯೇ ಈ ವೃತ್ತಿಜೀವನವನ್ನು ವಿವರವಾಗಿ ನೋಡಬೇಕು ಎನ್ನುತ್ತಿದ್ದೇನೆ.

ಅವರ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇಇಜಿಯ ಫಲಿತಾಂಶ. ಮೂರ್ಛೆರೋಗ ಎಂದ ಕೂಡಲೇ ತಲೆಗೆ ತಂತಿ ಅಂಟಿಸಿ ಮೆದುಳಿನ ಲಯವನ್ನು ಗೆರೆಯಾಗಿ ಬರೆಸುವುದು ರೂಢಿ. ಆದರೆ ಬಿಸಿನೀರಿನ ಅಪಸ್ಮಾರ ಇರುವವರಲ್ಲಿ, ಫಿಟ್ಸ್ ಬಾರದ ಹೊತ್ತಿನಲ್ಲಿ ತೆಗೆದ ಇಇಜಿ ಬಹುತೇಕ ಸಹಜವಾಗಿಯೇ ಇರುತ್ತದೆ. ಏರುಪೇರು ಕಾಣುವುದು ಶೇ 15ರಿಂದ 20ರಷ್ಟು ಮಂದಿಯಲ್ಲಿ ಮಾತ್ರ. ಸಿ.ಟಿ. ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಏನನ್ನೂ ತೋರಿಸುವುದಿಲ್ಲ. ಹಾಗಿದ್ದರೆ ರೋಗವನ್ನು ಪತ್ತೆ ಮಾಡುವುದು ಹೇಗೆ? ‘ಯಾವಾಗ ಬಂತು, ಆಗ ಏನು ಮಾಡುತ್ತಿದ್ದೆ, ನೀರು ಎಷ್ಟು ಬಿಸಿ ಇತ್ತು, ತಲೆಗೆ ಹಾಕಿಕೊಂಡೆಯಾ ಬರೀ ಮೈಗೋ’ ಎಂದು ಕೂರಿಸಿ ಕೇಳುವುದರಿಂದ. ಯಂತ್ರದ ಮುದ್ರಿಕೆಯನ್ನಷ್ಟೇ ನಂಬಿದ ವೈದ್ಯರು ಇಂತಹ ರೋಗಿಯನ್ನು ‘ಏನೂ ಇಲ್ಲ, ಹೋಗಿ’ ಎಂದು ಕಳಿಸಿಬಿಡುವ ಸಾಧ್ಯತೆ ಇದೆ. ಕೇಳುವ ಪುರುಸೊತ್ತು ಇದ್ದವರು ಅದನ್ನು ಹಿಡಿದರು.

ಕೇಳಿದ್ದನ್ನು ಅವರು ಅಲ್ಲಿಗೇ ಬಿಡಲಿಲ್ಲ. ಇಲ್ಲಿನ ಸ್ನಾನದಲ್ಲಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ನೇರವಾಗಿ, ಬೇಗ ಬೇಗ ನೆತ್ತಿಯ ಮೇಲೆ ಬೀಳುತ್ತದೆ. ಈ ಶಾಖವೇ ಮೆದುಳನ್ನು ಕೆರಳಿಸುತ್ತದೆಯೇ ಎಂದು ತಿಳಿಯಲು ಜಿ.ಆರ್. ಉಳ್ಳಾಲ್, ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್ ಇಲಿಗಳ ಮೇಲೆ ಪ್ರಯೋಗ ನಡೆಸಿ 1996ರಲ್ಲಿ ಪ್ರಕಟಿಸಿದರು. ಬಿಸಿನೀರಿನ ಧಾರೆಗೆ ಇಲಿಗಳಿಗೂ ಸೆಳೆತ ಬಂತು. ಮತ್ತೆ ಮತ್ತೆ ಹೀಗಾದಂತೆ ಮೆದುಳು ಇನ್ನಷ್ಟು ಸುಲಭವಾಗಿ ಸೆಳೆತಕ್ಕೆ ಒಳಗಾಗುತ್ತ ಹೋಯಿತು. ನಂತರದ ಅಧ್ಯಯನದಲ್ಲಿ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗದಲ್ಲಿ ನರತಂತುಗಳು ಅಸಹಜವಾಗಿ ಚಿಗುರಿದ್ದೂ ಕಂಡಿತು. ಬೆಂಕಿಪೊಟ್ಟಣದ ಒಂದು ಕಡ್ಡಿಯಿಂದ ಹತ್ತದ ಸೌದೆ ಹತ್ತಾರು ಕಡ್ಡಿ ತಾಗಿದ ಮೇಲೆ ತಾನೇ ಉರಿಯಲು ಕಲಿತಂತೆ ಇದು. ಮನುಷ್ಯರಲ್ಲೂ ಶೇ 16ರಿಂದ 38ರಷ್ಟು ಮಂದಿಗೆ ಕ್ರಮೇಣ ಬಿಸಿನೀರಿನ ನೆಪವೇ ಇಲ್ಲದೆ ಫಿಟ್ಸ್ ಬರತೊಡಗುತ್ತದೆ. ‘ಸ್ನಾನದಲ್ಲಿ ಮಾತ್ರ ತಾನೇ, ಬಿಡು’ ಎನ್ನುವ ಉಡಾಫೆ ಎಷ್ಟು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಕೆಲವು ಕುಟುಂಬಗಳಲ್ಲಿ ಇದು ತಲೆಮಾರುಗಳಲ್ಲಿ ಹರಿದು ಬರುತ್ತದೆ. ಆ ಜಾಡು ಹಿಡಿದು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆ ಸೇರಿ ವರ್ಷಗಟ್ಟಲೆ ಹುಡುಕಿತು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನಲ್ಲಿ ಅಪರೂಪದ ವ್ಯತ್ಯಾಸಗಳನ್ನು ಈ ತಂಡ ವರದಿ ಮಾಡಿತು. ನರಕೋಶಗಳ ನಡುವೆ ಚೆಲ್ಲಿದ ಗ್ಲುಟಮೇಟ್ ಎಂಬ ಉದ್ರೇಕಕಾರಿ ರಾಸಾಯನಿಕವನ್ನು ಮರಳಿ ಒಳಗೆಳೆದುಕೊಳ್ಳುವ ಪ್ರೊಟೀನಿಗೆ ಈ ಜೀನ್ ಕಾರಣ. ಆ ಕೆಲಸ ಕುಂಟಿದರೆ ನರಕೋಶಗಳು ಗುಂಪಾಗಿ ಕೆರಳುವ ಅವಕಾಶ ಹೆಚ್ಚು. ಎಲ್ಲ ರೋಗಿಗಳಿಗೂ ಇದೇ ಉತ್ತರವಲ್ಲ. ಆದರೂ ಬಚ್ಚಲಲ್ಲಿ ಹುಟ್ಟಿದ ಪ್ರಶ್ನೆಯನ್ನು ಕರ್ನಾಟಕದಲ್ಲೇ ಜೀನ್‌ವರೆಗೆ ಒಯ್ಯಲು ಸುಮಾರು ಐದು ದಶಕ ಬೇಕಾಯಿತು ಎಂಬುದನ್ನು ಗಮನಿಸಬೇಕು. ಎರಡು ಮೂರು ವರ್ಷದ ಅನುದಾನಕ್ಕೆ ಫಲಿತಾಂಶ ತೋರಿಸಿ ಎನ್ನುವ ಈಗಿನ ಪದ್ಧತಿಯಲ್ಲಿ ಇಂತಹ ಕೆಲಸಕ್ಕೆ ಜಾಗವೇ ಇಲ್ಲ.

ಮತ್ತೆ ಇಇಜಿಯ ಮಾತಿಗೆ ಬರೋಣ. ಮನುಷ್ಯನ ಮೆದುಳಿನ ಲಯವನ್ನು ಹೀಗೆ ಗೆರೆಯಾಗಿ ಬರೆಸುವ ವಿಜ್ಞಾನ ಹುಟ್ಟಿದ್ದು ಜರ್ಮನಿಯಲ್ಲಿ. ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ವಿಶ್ರಮಿಸಿದಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ, ಕಣ್ಣು ತೆರೆದರೆ ಅಡಗುವ ಆಲ್ಫಾ ಅಲೆ ಅವರ ಶೋಧ. 1934ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಖಚಿತಪಡಿಸುವವರೆಗೆ ಹೆಚ್ಚಿನವರು ಅದನ್ನು ನಂಬಲಿಲ್ಲ. ಮರುವರ್ಷ ಬೋಸ್ಟನ್‌ನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಇನ್ನೊಂದು ಲಯವನ್ನು ಗುರುತಿಸಿದರು. ಪಾಠದ ನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧವಾಗುವ ಮಗುವಿನ ಮೆದುಳಿನಲ್ಲಿ ಸೆಕೆಂಡಿಗೆ ಮೂರರಂತೆ ಮೊನಚು ಅಲೆಗಳು ಏಳುತ್ತವೆ. ಮಗುವಿನದು ಸೋಮಾರಿತನವಲ್ಲ, ಕಾಯಿಲೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು.

ಆದರೆ ಅದೇ ಬರ್ಗರ್ ಅವರ ಬದುಕಿನ ಇನ್ನೊಂದು ಪುಟವನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನ್ನಿಂದಾಗದು. 1933ರಲ್ಲಿ ನಾಜಿ ಸರ್ಕಾರ ತಂದ ಕಡ್ಡಾಯ ಸಂತಾನಹರಣ ಕಾನೂನಿನ ರೋಗಪಟ್ಟಿಯಲ್ಲಿ ಆನುವಂಶಿಕ ಅಪಸ್ಮಾರವೂ ಇತ್ತು. ಆ ಕಾನೂನಿನಡಿ ಮೇಲ್ಮನವಿಗಳನ್ನು ತೀರ್ಮಾನಿಸುತ್ತಿದ್ದ ಯೇನಾದ ನ್ಯಾಯಪೀಠದಲ್ಲಿ ಬರ್ಗರ್ ಕುಳಿತಿದ್ದರು. ನಾಜಿಗಳಿಂದ ನೊಂದ ವಿಜ್ಞಾನಿ ಎಂದು ಬಹುಕಾಲ ಹೇಳಲಾಗುತ್ತಿದ್ದ ಅವರ ಕಥೆಯನ್ನು ಈಚಿನ ಇತಿಹಾಸಕಾರರು ದಾಖಲೆಗಳೊಂದಿಗೆ ತಿದ್ದಿದ್ದಾರೆ. ಮೆದುಳಿನ ಲಯವನ್ನು ಮೊದಲು ಕಂಡ ಕಣ್ಣಿಗೆ ಆ ಮೆದುಳನ್ನು ಹೊತ್ತ ಮನುಷ್ಯನ ಹಕ್ಕು ಕಾಣಲಿಲ್ಲ.

ನಮ್ಮಲ್ಲೂ ಕಾನೂನು ರೋಗಿಯ ವಿರುದ್ಧ ನಿಂತಿತ್ತು. 1976ರ ತಿದ್ದುಪಡಿಯ ಬಳಿಕ ಹಿಂದೂ ವಿವಾಹ ಕಾಯ್ದೆಯಲ್ಲಿ ಪದೇ ಪದೇ ಬರುವ ಅಪಸ್ಮಾರವನ್ನು ಹುಚ್ಚಿನ ಜೊತೆ ಸೇರಿಸಿ ಮದುವೆಗೆ ಅಡ್ಡಿ ಎಂದು ಬರೆಯಲಾಗಿತ್ತು. ಭಾರತೀಯ ಅಪಸ್ಮಾರ ಸಂಘ ಮತ್ತು ವೈದ್ಯರ ಹೋರಾಟದ ಫಲವಾಗಿ 1999ರಲ್ಲಿ ಆ ಪದ ಅಳಿಯಿತು. ಕಾನೂನಿನಿಂದ ಅಳಿದದ್ದು ಜನರ ಮನಸ್ಸಿನಿಂದ ಅಳಿದಿಲ್ಲ. ಮದುವೆ ವಯಸ್ಸಿನ ಹೆಣ್ಣುಮಕ್ಕಳು ಮಾತ್ರೆಯನ್ನು ಬಚ್ಚಿಟ್ಟುಕೊಂಡು ನುಂಗುವುದು, ಗಂಡನ ಮನೆಗೆ ಹೋದ ಮೇಲೆ ನಿಲ್ಲಿಸಿಬಿಡುವುದು ನಿಂತಿಲ್ಲ.

ಈ ಮಾತ್ರೆಗಳ ವಿಷಯದಲ್ಲೂ ಮಣಿಯವರು ದಾರಿ ತೋರಿದ್ದರು. ಅವರ ತಂಡ ಯಳಂದೂರು ಭಾಗದಲ್ಲಿ ಸುಮಾರು 65 ಸಾವಿರ ಜನರ ನಡುವೆ ರೋಗಿಗಳನ್ನು ಹುಡುಕಿ, ಫಿನೋಬಾರ್ಬಿಟೋನ್ ಮತ್ತು ಫಿನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಲ್ಲೇ ಹಳ್ಳಿಯ ರೋಗಿಗಳ ಫಿಟ್ಸನ್ನು ಹತೋಟಿಗೆ ತರಬಹುದೆಂದು ತೋರಿಸಿತು. ಆ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಬಿಸಿನೀರಿನ ಅಪಸ್ಮಾರಕ್ಕಂತೂ ಚಿಕಿತ್ಸೆ ಇನ್ನೂ ಸರಳ. ನೀರಿನ ಬಿಸಿ ಇಳಿಸುವುದು, ಅಷ್ಟಕ್ಕೆ ಫಿಟ್ಸ್ ನಿಲ್ಲದವರಿಗೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಒಂದೂವರೆ ಗಂಟೆಯಷ್ಟು ಮುಂಚೆ ಕ್ಲೋಬಜಾಮ್ ಎಂಬ ಮಾತ್ರೆ ಕೊಡುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬಾಳಬಹುದು. ಬಡ ದೇಶಗಳಲ್ಲಿ ಮುಕ್ಕಾಲು ಪಾಲು ರೋಗಿಗಳಿಗೆ ಆ ಚಿಕಿತ್ಸೆಯೇ ಇಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮ ಒಳ್ಳೆಯ ಹೆಜ್ಜೆ. ಅದು ಜಿಲ್ಲಾ ಆಸ್ಪತ್ರೆಯ ಕಟ್ಟೆ ದಾಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿಯಬೇಕು. ಅಲ್ಲಿನ ವೈದ್ಯರು ಫಿಟ್ಸ್ ಎಂದು ಬಂದವರನ್ನು ಸ್ನಾನದ ಬಗ್ಗೆ ಕೇಳುವಂತಾಗಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಕಾಯಿಲೆಯ ಲಕ್ಷಣಗಳನ್ನು ಕಲಿಸಬೇಕು. ಎಲ್ಲಕ್ಕಿಂತ ಮೊದಲು, ಈ ಅಗ್ಗದ ಮಾತ್ರೆಗಳ ದಾಸ್ತಾನು ಒಂದು ತಿಂಗಳೂ ತಪ್ಪಬಾರದು. ಏಕೆಂದರೆ ಫಿನೋಬಾರ್ಬಿಟೋನ್ ದಿಢೀರನೆ ನಿಂತರೆ ಬಿಡುವಿಲ್ಲದೆ ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮಾತ್ರೆ ಮುಗಿದಿದೆ, ಮುಂದಿನ ವಾರ ಬಾ ಎಂದು ಆ ರೋಗಿಯನ್ನು ವಾಪಸ್ ಕಳಿಸುವಂತಿಲ್ಲ.