ಮುಬಾರಕರ ಪತನವೂ ಈಜಿಪ್ಟಿನ ಪ್ರಜೆಗಳ ಹರ್ಷವೂ

2011ನೆಯ ಇಸವಿ ಫೆಬ್ರವರಿ 11ನೆಯ ತಾರೀಖು ಶುಕ್ರವಾರ ಸಾಯಂಕಾಲ ಈಜಿಪ್ಟಿನ ಉಪಾಧ್ಯಕ್ಷ ಓಮರ್ ಸುಲೇಮಾನರು ದೂರದರ್ಶನದಲ್ಲಿ ಕಾಣಿಸಿಕೊಂಡು, ಒಂದು ನಿಮಿಷವೂ ಹಿಡಿಯದ ಪ್ರಕಟಣೆಯೊಂದನ್ನು ಓದಿದರು. ಅದರಲ್ಲಿದ್ದುದು ಮುಖ್ಯವಾಗಿ ಎರಡೇ ಮಾತು. ಅಧ್ಯಕ್ಷ ಹೋಸ್ನಿ ಮುಬಾರಕರು ಪದತ್ಯಾಗ ಮಾಡಲು ನಿಶ್ಚಯಿಸಿದ್ದಾರೆಂಬುದು ಮೊದಲನೆಯದು. ದೇಶದ ಕಾರ್ಯಭಾರವನ್ನು ನಡೆಸುವಂತೆ ಸಶಸ್ತ್ರ ಪಡೆಗಳ ಪರಮೋಚ್ಚ ಮಂಡಲಿಗೆ ಒಪ್ಪಿಸಿದ್ದಾರೆಂಬುದು ಎರಡನೆಯದು. ಕೈರೋ ನಗರದ ತಹ್ರೀರ್ ಚೌಕದಲ್ಲಿ ನೆರೆದಿದ್ದ ಜನಸಾಗರವು ಮೊದಲನೆಯ ಮಾತಿಗೆ ಎಬ್ಬಿಸಿದ ಜಯಘೋಷದಲ್ಲಿ ಎರಡನೆಯ ಮಾತು ಮುಳುಗಿಹೋಯಿತೆಂದೇ ಹೇಳಬೇಕು. ಅದರ ಪೂರ್ಣಾರ್ಥವು ಆ ದೇಶದವರಿಗೆ ತಿಳಿಯಲು ಎರಡು ವರ್ಷಗಳಿಗೂ ಮೀರಿ ಕಾಲ ಹಿಡಿಯಿತು.

ಇಷ್ಟು ವರ್ಷಗಳ ಮೇಲೆ ಈ ವಿಷಯವನ್ನು ಏಕೆ ಎತ್ತುತ್ತೀರೆಂದು ವಾಚಕರು ಕೇಳಬಹುದು. 2022ನೆಯ ಜುಲೈ ತಿಂಗಳಲ್ಲಿ ಕೊಲಂಬೋ ನಗರದಲ್ಲಿಯೂ, 2024ನೆಯ ಆಗಸ್ಟ್ ತಿಂಗಳಲ್ಲಿ ಢಾಕಾ ನಗರದಲ್ಲಿಯೂ ಜನರು ಆಳುವವರ ಅರಮನೆಗಳನ್ನು ಹೊಕ್ಕ ಚಿತ್ರಗಳನ್ನು ನಾವೆಲ್ಲರೂ ನೋಡಿದ್ದೇವೆ. ಕೊಲಂಬೋದಲ್ಲಿ ಈಜುಕೊಳಕ್ಕೆ ಧುಮುಕಿದರು. ಢಾಕಾದಲ್ಲಿ ಕುರ್ಚಿ ಮೇಜುಗಳನ್ನು ಹೊತ್ತು ನಡೆದರು. ಅವುಗಳನ್ನು ಕಂಡು ನಮ್ಮ ಊರುಗಳಲ್ಲಿಯೂ ಚಪ್ಪಾಳೆ ತಟ್ಟಿದವರುಂಟು, ತಲೆಯಲ್ಲಾಡಿಸಿದವರುಂಟು. ಆ ಕಥೆಗಳು ಇನ್ನೂ ನಡೆಯುತ್ತಿವೆ. ಈಜಿಪ್ಟಿನ ಕಥೆಯಾದರೋ ಲೆಕ್ಕ ನೋಡುವಷ್ಟು ದೂರ ಸಾಗಿದೆ. ಜಮೆಯೆಷ್ಟು ಖರ್ಚೆಷ್ಟು ಎಂದು ಎಣಿಸಬಹುದಾಗಿದೆ.

ಆ ಸಾಯಂಕಾಲದ ಹರ್ಷವು ನಿಷ್ಕಾರಣವಾದುದಲ್ಲ. 1981ನೆಯ ಅಕ್ಟೋಬರ್ 6ರಂದು ಅಧ್ಯಕ್ಷ ಸಾದತರು ಸೇನೆಯ ಕವಾಯತನ್ನು ನೋಡುತ್ತಿದ್ದಾಗ ಕೊಲೆಯಾದರು. ಉಪಾಧ್ಯಕ್ಷರಾಗಿದ್ದ ಮುಬಾರಕರು ಅದೇ ತಿಂಗಳಲ್ಲಿ ಪೀಠವನ್ನೇರಿದರು. ಆ ಕೊಲೆಯ ನಿಮಿತ್ತ ಜಾರಿಗೆ ಬಂದ ತುರ್ತುಶಾಸನವು ಅವರು ಇಳಿಯುವವರೆಗೂ ರದ್ದಾಗಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವುದು, ಸಭೆ ಸೇರುವುದನ್ನು ತಡೆಯುವುದು, ವಿಶೇಷ ನ್ಯಾಯಾಲಯಗಳಿಗೆ ಒಪ್ಪಿಸುವುದು, ಇವೆಲ್ಲವೂ ಆ ಶಾಸನದ ಕೆಳಗೆ ದಿನಚರಿಯ ಕೆಲಸಗಳಾದವು. ಎರಡು ವರ್ಷಕ್ಕೂ ತುಂಬದ ನಮ್ಮ 1975ರ ತುರ್ತುಪರಿಸ್ಥಿತಿಯನ್ನು ಕಂಡವರು ಅದನ್ನು ಹದಿನೈದು ಪಟ್ಟು ಹೆಚ್ಚಿಸಿಕೊಂಡು ಊಹಿಸಿಕೊಳ್ಳಲಿ. 2005ನೆಯ ಇಸವಿಯಲ್ಲಿ ಮೊಟ್ಟಮೊದಲಿಗೆ ಬೇರೆಯವರೂ ಅಧ್ಯಕ್ಷ ಪದವಿಗೆ ನಿಲ್ಲಬಹುದೆಂದಾಯಿತು. ಎರಡನೆಯವರಾಗಿ ಬಂದ ಅಯ್ಮನ್ ನೂರ್ ಎಂಬವರಿಗೆ ಅದೇ ವರ್ಷದ ಕೊನೆಯಲ್ಲಿ ಐದು ವರ್ಷದ ಸೆರೆವಾಸ ಪ್ರಾಪ್ತವಾಯಿತು. 2010ನೆಯ ಜೂನ್ ತಿಂಗಳಲ್ಲಿ ಅಲೆಗ್ಸಾಂಡ್ರಿಯ ನಗರದಲ್ಲಿ ಖಾಲಿದ್ ಸಯೀದ್ ಎಂಬ ಇಪ್ಪತ್ತೆಂಟರ ತರುಣನನ್ನು ಅಂತರ್ಜಾಲದ ಅಂಗಡಿಯಿಂದ ಎಳೆದು ಪೋಲೀಸಿನವರು ಹೊಡೆದು ಕೊಂದರು. ವಿರೂಪವಾದ ಆ ಮುಖದ ಚಿತ್ರವು ಮನೆಮನೆಯ ದೂರವಾಣಿಗಳಲ್ಲಿ ಸಂಚರಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಚಳವಳಿಗೆ ಜನವರಿ 25ನ್ನು ಆರಿಸಿದವರ ಬುದ್ಧಿಯನ್ನು ಮೆಚ್ಚಬೇಕು. ಅದು ಆ ದೇಶದಲ್ಲಿ ಪೋಲೀಸಿನವರ ಗೌರವದ ದಿನ. 1952ರಲ್ಲಿ ಅದೇ ದಿನ ಇಸ್ಮಾಯಿಲಿಯ ಪಟ್ಟಣದ ಪೋಲೀಸಿನವರು ಆಂಗ್ಲ ಸೇನೆಗೆ ಆಯುಧಗಳನ್ನು ಒಪ್ಪಿಸಲೊಲ್ಲದೆ ಹೋರಾಡಿದರು. ಅವರಲ್ಲಿ ಸುಮಾರು ಐವತ್ತು ಮಂದಿ ಪ್ರಾಣಬಿಟ್ಟರು. ಅಂಥವರ ಹೆಸರಿನ ದಿನದಲ್ಲಿ, ಅದೇ ಉಡುಪು ತೊಟ್ಟವರ ಕ್ರೌರ್ಯವನ್ನು ಖಂಡಿಸಲು ಜನರು ಬೀದಿಗಿಳಿದರು. ಟ್ಯುನೀಸಿಯದ ಬೆನ್ ಅಲಿಯವರು ಜನವರಿ 14ರಂದು ದೇಶ ಬಿಟ್ಟು ಓಡಿದ ಸುದ್ದಿಯು ಆಗಲೇ ಎಲ್ಲರಿಗೂ ಧೈರ್ಯವನ್ನು ಕೊಟ್ಟಿತ್ತು. 28ರಂದು ಅಂತರ್ಜಾಲವನ್ನು ನಿಲ್ಲಿಸಿದರು. ಅಂದೇ ಪೋಲೀಸು ಪಡೆ ಸೋತು ಹಿಂದೆಗೆದು, ಸೇನೆಯ ಟ್ಯಾಂಕುಗಳು ಬೀದಿಗೆ ಬಂದವು. ಫೆಬ್ರವರಿ 2ರಂದು ಒಂಟೆ ಕುದುರೆಗಳನ್ನೇರಿದ ಗುಂಪುಗಳನ್ನು ಚೌಕದೊಳಕ್ಕೆ ನುಗ್ಗಿಸಿದರು. ಹದಿನೆಂಟು ದಿನಗಳಲ್ಲಿ ಸತ್ತವರು 846ಕ್ಕೆ ಕಡಿಮೆಯಿಲ್ಲವೆಂದು ಸರ್ಕಾರದ ವಿಚಾರಣಾ ಸಮಿತಿಯೇ ಅನಂತರ ಒಪ್ಪಿಕೊಂಡಿತು. 10ರ ರಾತ್ರಿ ಪದತ್ಯಾಗವನ್ನು ನಿರೀಕ್ಷಿಸಿ ಕುಳಿತಿದ್ದ ಜನರಿಗೆ ಮುಬಾರಕರು ತಾವು ಹೋಗುವುದಿಲ್ಲವೆಂದಾಗ ಚೌಕದಲ್ಲಿ ಪಾದರಕ್ಷೆಗಳು ಮೇಲೆದ್ದವು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅವರು ಹೋದರು.

ಆ ರಾತ್ರಿ ನೈಲ್ ನದಿಯ ಸೇತುವೆಗಳ ಮೇಲೆ ಜನರು ಕುಣಿದರು, ಅತ್ತರು, ಅಪರಿಚಿತರನ್ನು ಅಪ್ಪಿಕೊಂಡರು, ಸೈನಿಕರ ಕೈಗೆ ಮಕ್ಕಳನ್ನು ಕೊಟ್ಟು ಚಿತ್ರ ತೆಗೆಸಿಕೊಂಡರು. ಇದಕ್ಕಿಂತಲೂ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಮರುದಿನ ಬೆಳಗಿನ ದೃಶ್ಯ. ತರುಣ ತರುಣಿಯರು ಮನೆಗಳಿಂದ ಪೊರಕೆ ತಂದು ಚೌಕವನ್ನು ಗುಡಿಸಿದರು. ಕಸವನ್ನು ಚೀಲಗಳಲ್ಲಿ ತುಂಬಿದರು. ಕಾಲುದಾರಿಯ ಅಂಚಿನ ಕಲ್ಲುಗಳಿಗೆ ಬಣ್ಣ ಬಳಿದರು. ಸರ್ಕಾರದ್ದೆಂದು ಹೇಸುತ್ತಿದ್ದ ಬೀದಿಯನ್ನು ತಮ್ಮ ಮನೆಯಂಗಳವೆಂದು ಬಗೆದ ಆ ಬೆಳಗನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಖರ್ಚಿನ ಕಡೆಗೆ ಬರೆಯಲಾಗದು.

ಪತ್ರಿಕಾವೃತ್ತಿಯವರಾದ ನಾವು ನಮ್ಮವರ ನಡತೆಯನ್ನೂ ಇಲ್ಲಿ ಹೇಳಬೇಕು. 1875ರಲ್ಲಿ ಸ್ಥಾಪಿತವಾಗಿ, 1960ರಿಂದೀಚೆಗೆ ಸರ್ಕಾರದ ಸೊತ್ತಾಗಿರುವ ‘ಅಲ್-ಅಹ್ರಾಮ್’ ಅರಬ್ ಲೋಕದ ಘನವಾದ ಪತ್ರಿಕೆಗಳಲ್ಲೊಂದು. 2010ನೆಯ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಒಬಾಮರೇ ಮುಂತಾದವರ ಹಿಂದೆ ಬದಿಯಲ್ಲಿ ನಡೆಯುತ್ತಿದ್ದ ಮುಬಾರಕರನ್ನು, ಚಿತ್ರವನ್ನೇ ತಿದ್ದಿ, ಎಲ್ಲರ ಮುಂದೆ ನಡೆಯುವಂತೆ ಮಾಡಿ ಅಚ್ಚು ಹಾಕಿದ ಕೀರ್ತಿ ಅದರದು. ಅದೇ ಪತ್ರಿಕೆಯು ಫೆಬ್ರವರಿ 12ರಂದು ಪ್ರಜೆಗಳು ‘ನಿಜಾಮ’ನ್ನು ಕೆಡವಿದರೆಂದು ಮುಖಪುಟದ ತುಂಬ ದಪ್ಪಕ್ಷರಗಳಲ್ಲಿ ಸಾರಿತು. ಗಾಳಿ ಬಂದಾಗ ತೂರಿಕೊಳ್ಳುವ ವಿದ್ಯೆ ನಮ್ಮ ವೃತ್ತಿಯಲ್ಲಿ ಯಾವ ದೇಶದವರಿಗೂ ಹೊಸದಲ್ಲ. ನಾವು ಕಲ್ಲೆಸೆಯಲು ಹೊರಟಿಲ್ಲ. ಆದರೆ ಆ ‘ನಿಜಾಮ್’ ಎಂಬ ಶಬ್ದದ ಮೇಲೆ ಸ್ವಲ್ಪ ನಿಲ್ಲಬೇಕಾಗಿದೆ.

ಚೌಕದ ಘೋಷಣೆಯು ಮುಬಾರಕರನ್ನಷ್ಟೇ ಕುರಿತುದಾಗಿರಲಿಲ್ಲ. ಪ್ರಜೆಗಳು ನಿಜಾಮಿನ ಪತನವನ್ನು ಬಯಸುತ್ತಾರೆಂಬುದೇ ಅದರ ಒಕ್ಕಣೆ. ನಮ್ಮ ಕಲಬುರಗಿ, ರಾಯಚೂರು, ಬೀದರ ಸೀಮೆಯ ವಾಚಕರಿಗೆ ನಿಜಾಮನೆಂದರೆ ಹೈದರಾಬಾದಿನ ದೊರೆ. ಅರಬ್ಬೀ ಭಾಷೆಯಲ್ಲಿ ಅದಕ್ಕೆ ಕಟ್ಟುಪಾಡು, ಆಡಳಿತವ್ಯವಸ್ಥೆ ಎಂದು ಅರ್ಥ. ಹೈದರಾಬಾದಿನಲ್ಲಿ 1948ರಲ್ಲಿ ವ್ಯವಸ್ಥೆ ಹೋಯಿತು, ಮನುಷ್ಯನು ಉಳಿದನು. 1956ರವರೆಗೆ ರಾಜಪ್ರಮುಖನಾಗಿಯೂ ಇದ್ದನು, ಯಾರಿಗೂ ಅದರಿಂದ ಅಪಾಯವಾಗಲಿಲ್ಲ. ಕೈರೋದಲ್ಲಿ 2011ರಲ್ಲಿ ಮನುಷ್ಯನು ಹೋದನು, ವ್ಯವಸ್ಥೆ ಉಳಿಯಿತು. ಒಬ್ಬನು ಇಳಿದುದನ್ನು ಒಂದು ಆಡಳಿತವು ಅಳಿಯಿತೆಂದು ತಿಳಿದದ್ದೇ ಆ ರಾತ್ರಿಯ ಸಂಭ್ರಮದೊಳಗಿದ್ದ ತಪ್ಪು.

ಸೇನೆಯನ್ನು ಜನರು ಏಕೆ ನಂಬಿದರು? ಕಾರಣಗಳು ಸಣ್ಣವಲ್ಲ. ಅಲ್ಲಿ ಸೈನ್ಯಸೇವೆ ಕಡ್ಡಾಯ. ಆದುದರಿಂದ ಟ್ಯಾಂಕಿನ ಮೇಲೆ ನಿಂತ ಹುಡುಗನು ಯಾವುದೋ ಹಳ್ಳಿಯ ರೈತನ ಮಗ. 1952ರಲ್ಲಿ ದೊರೆ ಫಾರೂಕನನ್ನು ಇಳಿಸಿದ್ದು ಸೇನೆ. 1973ರಲ್ಲಿ ಸುಯೆಜ್ ಕಾಲುವೆಯನ್ನು ದಾಟಿ ದೇಶದ ಮಾನವನ್ನು ಉಳಿಸಿದ್ದೂ ಸೇನೆ. ಜನವರಿ 28ರಂದು ಬೀದಿಗೆ ಬಂದ ಸೇನೆಯು ಜನರ ಮೇಲೆ ಗುಂಡು ಹಾರಿಸದೆ ನಿಂತಿತು. ‘ಸೇನೆಯೂ ಪ್ರಜೆಗಳೂ ಒಂದೇ ಕೈ’ ಎಂಬ ಕೂಗು ಅಂದೇ ಹುಟ್ಟಿತು. ಆದರೆ ಮುಬಾರಕರು ಆ ಸೇನೆಯವರೇ ಅಲ್ಲವೇ? ಮಂಡಲಿಯ ಮುಖ್ಯಸ್ಥ ತಂತಾವಿಯವರು 1991ರಿಂದ ಅದೇ ಮುಬಾರಕರ ರಕ್ಷಣಾ ಮಂತ್ರಿಗಳಾಗಿದ್ದವರು. ಸಿಮೆಂಟಿನಿಂದ ಮೊದಲ್ಗೊಂಡು ಕುಡಿಯುವ ನೀರಿನ ಶೀಸೆಯವರೆಗೆ ಸೇನೆಯದೇ ಕಾರ್ಖಾನೆಗಳು. ಅಮೆರಿಕದಿಂದ ವರ್ಷಕ್ಕೆ 130 ಕೋಟಿ ಡಾಲರುಗಳ ಸಹಾಯ ಬೇರೆ. ಸೈನ್ಯದಲ್ಲಿ ಬೆಳೆಯದ ಮಗ ಗಮಾಲನು, ವ್ಯಾಪಾರಸ್ಥರ ಬಳಗದೊಡನೆ, ತಂದೆಯ ಪೀಠಕ್ಕೆ ಬರುವನೆಂಬ ಸುದ್ದಿಯು ದಂಡನಾಯಕರಿಗೆ ರುಚಿಸಿರಲಿಲ್ಲ. ಕೊನೆಯ ವಾರದಲ್ಲಿ ಸುಯೆಜಿನಲ್ಲಿಯೂ ಮಹಲ್ಲದ ಗಿರಣಿಗಳಲ್ಲಿಯೂ ಕೂಲಿಕಾರರು ಕೆಲಸ ನಿಲ್ಲಿಸತೊಡಗಿದಾಗ, ಮುದುಕನೊಬ್ಬನನ್ನು ಬಿಟ್ಟುಕೊಟ್ಟು ಮಿಕ್ಕೆಲ್ಲವನ್ನೂ ಉಳಿಸಿಕೊಳ್ಳುವುದು ಲಾಭವೆಂದು ಅವರಿಗೆ ಕಂಡಿತೆಂಬುದು ನಮ್ಮ ಅಭಿಪ್ರಾಯ.

ಹೊರಗಿನವರು ಆ ಪ್ರಕಟಣೆಯ ಎರಡು ಮಾತುಗಳನ್ನೂ ಕೇಳಿಸಿಕೊಂಡರು. ಆಗ ನಮ್ಮ ವಿದೇಶಾಂಗ ಖಾತೆಯನ್ನು ವಹಿಸಿದ್ದವರು ನಮ್ಮವರೇ ಆದ ಎಸ್. ಎಂ. ಕೃಷ್ಣರು. ಭಾರತ ಸರ್ಕಾರವು ಮುಬಾರಕರ ಪದತ್ಯಾಗವನ್ನೂ, ಶಾಂತವಾದ ಅಧಿಕಾರಾಂತರಕ್ಕೆ ಸೇನಾಮಂಡಲಿ ಕೊಟ್ಟ ಭರವಸೆಯನ್ನೂ ಸ್ವಾಗತಿಸಿತು. ಇದೇ ಮುಬಾರಕರಿಗೆ 1995ನೆಯ ಸಾಲಿನ ಜವಾಹರಲಾಲ್ ನೆಹರೂ ಪ್ರಶಸ್ತಿಯನ್ನು ಕೊಟ್ಟವರೂ ನಾವೇ ಎಂಬುದನ್ನು ಆ ದಿನ ದೆಹಲಿಯಲ್ಲಿ ಯಾರೂ ಜ್ಞಾಪಿಸಿಕೊಳ್ಳಲು ಇಷ್ಟಪಟ್ಟಿರಲಾರರು.

ಮಂಡಲಿಯು ಆರು ತಿಂಗಳು ಅಥವಾ ಚುನಾವಣೆಯಾಗುವವರೆಗೆ ಇರುವೆವೆಂದು ಹೇಳಿತು; ಹದಿನಾರು ತಿಂಗಳು ಇದ್ದಿತು. ಜನವರಿ 28ರಿಂದ ಆಗಸ್ಟ್ ಕೊನೆಯವರೆಗೆ ಸೈನಿಕ ನ್ಯಾಯಾಲಯಗಳ ಮುಂದೆ ನಿಂತ ನಾಗರಿಕರ ಸಂಖ್ಯೆ, ಸೇನೆಯೇ ಕೊಟ್ಟ ಲೆಕ್ಕದಂತೆ, 11,879. ಇವರಲ್ಲಿ ಮೈಕೆಲ್ ನಬೀಲ್ ಎಂಬ ತರುಣ ಲೇಖಕನೊಬ್ಬನು. ಸೇನೆಯೂ ಪ್ರಜೆಗಳೂ ಎಂದೂ ಒಂದೇ ಕೈ ಆಗಿರಲಿಲ್ಲವೆಂದು ನಿದರ್ಶನಗಳೊಡನೆ ಅವನು ಬರೆದನು. ಏಪ್ರಿಲ್ ತಿಂಗಳಲ್ಲಿ ಸೈನಿಕ ನ್ಯಾಯಾಲಯವು ಅವನಿಗೆ ಮೂರು ವರ್ಷದ ಸೆರೆವಾಸವನ್ನು ವಿಧಿಸಿತು. ಮುಬಾರಕರು ಇಳಿದು ಅರವತ್ತು ದಿನಗಳೂ ಆಗಿರಲಿಲ್ಲ. ಚೌಕವನ್ನು ತುಂಬಿದ್ದ ಲಕ್ಷಗಳಲ್ಲಿ ಅವನ ಪರವಾಗಿ ಕೂಗಿದವರು ಬಹು ಕೆಲವರು. ಈ ಮೌನವು ನಮಗೆ ಆ ಜಯಘೋಷಕ್ಕಿಂತ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ.

2012ನೆಯ ಜೂನ್ ತಿಂಗಳಲ್ಲಿ ಮುಸ್ಲಿಂ ಬ್ರದರ್‌ಹುಡ್ ಸಂಘದ ಮೊಹಮ್ಮದ್ ಮೊರ್ಸಿಯವರು ನೂರಕ್ಕೆ 52ಕ್ಕಿಂತ ಕೊಂಚ ಕಡಿಮೆ ಮತಗಳನ್ನು ಪಡೆದು ಅಧ್ಯಕ್ಷರಾದರು. ನವೆಂಬರಿನಲ್ಲಿ ತಮ್ಮ ಆಜ್ಞೆಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಫರ್ಮಾನು ಹೊರಡಿಸಿ, ತಮ್ಮನ್ನು ನಂಬಿ ಮತ ಕೊಟ್ಟ ಇತರ ಪಕ್ಷದವರನ್ನೂ ಶತ್ರುಗಳನ್ನಾಗಿ ಮಾಡಿಕೊಂಡರು. 2013ನೆಯ ಜೂನ್ 30ರಂದು ಅದೇ ಚೌಕವು ಮತ್ತೆ ತುಂಬಿತು. ಜುಲೈ 3ರಂದು ರಕ್ಷಣಾ ಮಂತ್ರಿ ದಂಡನಾಯಕ ಸಿಸಿಯವರು ಮೊರ್ಸಿಯವರನ್ನು ಪದಚ್ಯುತಗೊಳಿಸಿದರು. ಮತ್ತೆ ಬಾಣಬಿರುಸು, ಮತ್ತೆ ಕುಣಿತ, ಮತ್ತೆ ‘ಒಂದೇ ಕೈ’. ಈ ಸಾರಿ ಜನರು ಎರಡನೆಯ ಮಾತನ್ನೂ ಕೇಳಿಸಿಕೊಂಡು ಅದಕ್ಕೇ ಚಪ್ಪಾಳೆ ತಟ್ಟಿದರು. ಆರು ವಾರಗಳಾದ ಮೇಲೆ, ಆಗಸ್ಟ್ 14ರಂದು, ಮೊರ್ಸಿಯವರ ಪಕ್ಷದವರು ಕುಳಿತಿದ್ದ ರಾಬಾ ಚೌಕವನ್ನು ಬಂದೂಕುಗಳಿಂದ ತೆರವು ಮಾಡಿದರು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವಿಚಾರಣೆಯಂತೆ ಒಂದೇ ದಿನ ಅಲ್ಲಿ ಸತ್ತವರು ಕಡಿಮೆಯೆಂದರೂ 817 ಮಂದಿ. ಹದಿನೆಂಟು ದಿನಗಳಲ್ಲಿ ಮುಬಾರಕರ ಕಾಲದಲ್ಲಿ ಬಿದ್ದಷ್ಟು ಹೆಣಗಳು ಹತ್ತಿರಹತ್ತಿರ ಒಂದು ಹಗಲಿನಲ್ಲಿ ಬಿದ್ದವು. 2011ರ ಮಂಡಲಿಯಲ್ಲಿ ಎಲ್ಲರಿಗಿಂತ ಕಿರಿಯ ಸದಸ್ಯರಾಗಿದ್ದ ಸಿಸಿಯವರು 2014ರಲ್ಲಿ ನೂರಕ್ಕೆ ಸುಮಾರು 97 ಮತಗಳಿಂದ ಅಧ್ಯಕ್ಷರಾದರು. 2019ರಲ್ಲಿ ಮಾಡಿದ ತಿದ್ದುಪಡಿಯಂತೆ ಅವರು 2030ರವರೆಗೆ ಪೀಠದಲ್ಲಿರಬಹುದು.

ನಮ್ಮಲ್ಲಿಯ ಕೆಲವು ಮಹನೀಯರು, ವಿಶೇಷವಾಗಿ ಕಚೇರಿಗಳಲ್ಲಿ ಬಹುಕಾಲ ಕುಳಿತವರು, ಇದನ್ನೆಲ್ಲ ಕೇಳಿ, ‘ನೋಡಿದಿರಾ, ಆ ಜನಕ್ಕೆ ಸ್ವಾತಂತ್ರ್ಯ ಒಗ್ಗುವುದಿಲ್ಲ’ ಎನ್ನುತ್ತಾರೆ. ಇದೇ ಮಾತನ್ನು 1947ಕ್ಕೆ ಮೊದಲು ನಮ್ಮನ್ನು ಕುರಿತು ಆಡಿದವರಿದ್ದರು. ಇದನ್ನು ನಾವು ಒಪ್ಪುವುದಿಲ್ಲ. ಬರಿಗೈಯಲ್ಲಿ ಹದಿನೆಂಟು ದಿನ ನಿಂತ ಜನಕ್ಕೆ ಯೋಗ್ಯತೆ ಸಾಲದೆನ್ನುವುದು ಧಾರ್ಷ್ಟ್ಯ. ಅವರಿಗಿಲ್ಲದ್ದು ಯೋಗ್ಯತೆಯಲ್ಲ, ಅಧಿಕಾರವನ್ನು ಕೈಚಾಚಿ ತೆಗೆದುಕೊಳ್ಳುವ ಒಂದು ಸಭೆ. ಕಂಸನನ್ನು ಕೆಡವಿದ ದಿನವೇ ಉಗ್ರಸೇನನಿಗೆ ಪಟ್ಟಕಟ್ಟಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಮಧುರೆಯ ಸಿಂಹಾಸನವು ಒಂದು ರಾತ್ರಿಯೂ ಕಂಸನ ದಳವಾಯಿಗಳ ಕೈಯಲ್ಲಿ ಉಳಿಯಲಿಲ್ಲ. ತಹ್ರೀರ್ ಚೌಕದಲ್ಲಿ ಉಗ್ರಸೇನನಿರಲಿಲ್ಲ. ಮೂವತ್ತು ವರ್ಷಗಳ ತುರ್ತುಶಾಸನವು ಪಕ್ಷಗಳನ್ನೂ ಕೂಲಿಕಾರರ ಸಂಘಗಳನ್ನೂ ಬೇರೂರಲು ಬಿಡದೆ, ಸೇನೆ ಮತ್ತು ಬ್ರದರ್‌ಹುಡ್ ಎಂಬ ಎರಡೇ ಸಂಘಟನೆಗಳು ಬಲವಾಗಿ ನಿಲ್ಲುವಂತೆ ಮಾಡಿದ್ದಿತು. ಟ್ಯುನೀಸಿಯದಲ್ಲಿ ಸೇನೆ ಚಿಕ್ಕದು, ಕೂಲಿಕಾರರ ಸಂಘ ದೊಡ್ಡದು. ಅಲ್ಲಿ 2011ನೆಯ ಅಕ್ಟೋಬರಿನಲ್ಲಿಯೇ ರಾಜ್ಯಾಂಗಸಭೆಗೆ ಚುನಾವಣೆ ನಡೆದು 2014ರಲ್ಲಿ ರಾಜ್ಯಾಂಗವಾಯಿತು. 2021ರಲ್ಲಿ ಅಲ್ಲಿಯ ಅಧ್ಯಕ್ಷ ಸಯೀದರು ಪಾರ್ಲಿಮೆಂಟಿಗೆ ಬೀಗ ಹಾಕಿದರೆಂಬುದನ್ನೂ ನಾವು ಮರೆಮಾಚುವುದಿಲ್ಲ. ಆದರೂ ಹತ್ತು ವರ್ಷ ಹತ್ತು ವರ್ಷವೇ.

ಮುಬಾರಕರನ್ನು 2011ನೆಯ ಆಗಸ್ಟಿನಲ್ಲಿ ರೋಗಶಯ್ಯೆಯ ಮೇಲೆಯೇ ನ್ಯಾಯಾಲಯದ ಪಂಜರಕ್ಕೆ ತಂದರು. ಮರುವರ್ಷ ಆಜೀವ ಸೆರೆಯ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಜನರ ಕೊಲೆಗೆ ಅವರು ಹೊಣೆಯಲ್ಲವೆಂದು 2017ನೆಯ ಮಾರ್ಚಿನಲ್ಲಿ ಅಂತಿಮ ತೀರ್ಪು ಬಂದಿತು. ಆ 846 ಮಂದಿಯ ತಾಯ್ತಂದೆಗಳಿಗೆ ಕೊಂದವರಾರೆಂಬ ಉತ್ತರವು ದೊರೆಯಲಿಲ್ಲ. ಮೊರ್ಸಿಯವರು 2019ರಲ್ಲಿ ನ್ಯಾಯಾಲಯದಲ್ಲಿಯೇ ಕುಸಿದು ಸತ್ತರು. ಅವರನ್ನು ಸದ್ದಿಲ್ಲದೆ ಮಣ್ಣುಮಾಡಿದರು. ಮುಬಾರಕರು 2020ನೆಯ ಫೆಬ್ರವರಿ 25ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಮೂರು ದಿನ ರಾಷ್ಟ್ರೀಯ ಶೋಕವನ್ನು ಸಾರಿ, ಸೈನಿಕ ಮರ್ಯಾದೆಯಿಂದ ಅಂತ್ಯಕ್ರಿಯೆ ನಡೆಸಿದರು; ಅಧ್ಯಕ್ಷ ಸಿಸಿಯವರು ಶವಯಾತ್ರೆಯ ಮುಂದೆ ನಡೆದರು.

ಜನವರಿ 25 ಈಗಲೂ ಅಲ್ಲಿ ಸಾರ್ವಜನಿಕ ರಜಾದಿನ. ಕ್ರಾಂತಿಯ ದಿನವೆಂಬ ಹೆಸರೂ ಪೋಲೀಸಿನವರ ದಿನವೆಂಬ ಹೆಸರೂ ಅದಕ್ಕೆ ಉಂಟು. ಪೊರಕೆ ಹಿಡಿದು ತರುಣರು ಗುಡಿಸಿದ ಆ ಚೌಕವನ್ನು ಸರ್ಕಾರವು ನವೀಕರಿಸಿ, ಮೂರು ಸಾವಿರ ವರ್ಷಗಳ ಹಿಂದಿನ ರಾಮ್ಸೆಸ್ ದೊರೆಯ ಕಲ್ಲಿನ ಕಂಬವೊಂದನ್ನು ನಡುವೆ ನಿಲ್ಲಿಸಿದೆ. ಸುತ್ತಲೂ ಟಗರಿನ ಮುಖದ ನಾಲ್ಕು ಪ್ರತಿಮೆಗಳು ಕುಳಿತಿವೆ.