ಹಳೆಯದಾಗುವ ಭಾಗ್ಯ

ಲೋಕದಲ್ಲಿ ಹಳೆಯದಾದಂತೆ ಬೆಲೆ ಕಳೆದುಕೊಳ್ಳುವ ವಸ್ತುಗಳೇ ಹೆಚ್ಚು. ನಿನ್ನೆಯ ವೃತ್ತಪತ್ರಿಕೆ, ಹೋದ ವರ್ಷದ ಪಂಚಾಂಗ, ಬಣ್ಣ ಮಾಸಿದ ಕೊಡೆ ಇವುಗಳನ್ನು ಕೇಳುವವರಿಲ್ಲ. ಆದರೆ ಈ ನಿಯಮಕ್ಕೆ ಒಳಪಡದ ಸಣ್ಣದೊಂದು ಪಂಗಡವೂ ಉಂಟು. ಹಳೆಯ ಅಕ್ಕಿಯ ಅನ್ನ ಮಲ್ಲಿಗೆಯಂತೆ ಬಿಡಿಬಿಡಿಯಾಗಿ ಅರಳುತ್ತದೆ. ಹಳೆಯ ಹುಣಿಸೆಹಣ್ಣನ್ನು ಗೃಹಿಣಿ ಬೇರೆ ಪಾತ್ರೆಯಲ್ಲಿಯೇ ಇಡುತ್ತಾಳೆ. ಭರಣಿಯ ತಳದಲ್ಲಿ ಉಳಿದ ಹೋದ ವರ್ಷದ ಮಾವಿನ ಮಿಡಿಗಾಗಿ ಊಟದ ಪಂಕ್ತಿಯಲ್ಲಿ ಮಕ್ಕಳೊಳಗೆ ವಾಗ್ವಾದವೇ ನಡೆಯುತ್ತದೆ. ಈ ಪಂಗಡದ ವಸ್ತುಗಳಿಗೆ ಕಾಲವು ಶತ್ರುವಲ್ಲ, ಕೊನೆಯ ಪಾಕವನ್ನು ಮಾಡುವ ಅಡಿಗೆಯವನು.

ಜಗತ್ತಿನಲ್ಲಿ ಈ ಮಾತಿಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ದ್ರಾಕ್ಷಿಯ ಮದ್ಯ. ಇಟಲಿಯ ವಾಯವ್ಯ ಭಾಗದಲ್ಲಿ ಪೀಡ್ಮಾಂಟ್ ಎಂಬ ಪ್ರಾಂತವಿದೆ. ಅಲ್ಲಿನ ಆಲ್ಬಾ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ನೆಬಿಯೋಲೊ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತದೆ. ಶರತ್ಕಾಲದ ಮಂಜು ಕಣಿವೆಗಳನ್ನು ತುಂಬುವ ಹೊತ್ತಿಗೆ ಅದು ಹಣ್ಣಾಗುತ್ತದೆ. ಇದರಿಂದಾಗುವ ಬರೋಲೊ, ಬಾರ್ಬರೆಸ್ಕೊ ಎಂಬ ಎರಡು ಕೆಂಪು ವೈನುಗಳು ಹೊಸದರಲ್ಲಿ ಬಹಳ ಒಗರು. ನಾಲಿಗೆಯನ್ನೂ ವಸಡನ್ನೂ ಹಿಡಿದು ಹಿಂಡುವಂತಹ ಒಗರು. ಆದಕಾರಣ ಅವುಗಳನ್ನು ಎಳೆಯ ಪ್ರಾಯದಲ್ಲಿ ಪೇಟೆಗೆ ಬಿಡಬಾರದೆಂದು ಅಲ್ಲಿ ಕಾನೂನೇ ಇದೆ. ಬರೋಲೊ ಕಡಮೆಯೆಂದರೆ 38 ತಿಂಗಳು ಕಾಯಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯೊಳಗೆ. ಬಾರ್ಬರೆಸ್ಕೊ 26 ತಿಂಗಳು. ಕಾನೂನಿನ ಅವಧಿ ಮುಗಿದ ಮೇಲೂ ರಸಿಕರು ಬಿಡುವುದಿಲ್ಲ. ತಂಪಾದ, ಕತ್ತಲೆಯ, ಸ್ವಲ್ಪ ತೇವವಿರುವ ನೆಲಮಾಳಿಗೆಯಲ್ಲಿ ಶೀಸೆಯನ್ನು ಅಡ್ಡಲಾಗಿ ಮಲಗಿಸುತ್ತಾರೆ. ನಿಲ್ಲಿಸಿದರೆ ಬಿರಡೆ ಒಣಗಿ ಕುಗ್ಗುತ್ತದೆ, ಗಾಳಿ ಒಳಹೊಕ್ಕು ರಸ ಕೆಡುತ್ತದೆ.

ಹತ್ತು, ಹದಿನೈದು ವರ್ಷಗಳಾದ ಮೇಲೆ ಶೀಸೆ ಎದ್ದು ಬರುತ್ತದೆ. ಒಂದು ದಿನ ಅದನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಮೆಲ್ಲಗೆ ಬಗ್ಗಿಸಿಕೊಳ್ಳುತ್ತಾರೆ. ಪರೀಕ್ಷೆ ಮಾಡುವವನು ಮೊದಲು ಬಣ್ಣ ನೋಡುತ್ತಾನೆ. ಮಾಣಿಕ್ಯದ ಕೆಂಪು ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಅದು ಪ್ರಾಯದ ಗುರುತು. ಬಳಿಕ ಮೂಸುತ್ತಾನೆ. ಒಣಗಿದ ಗುಲಾಬಿ, ಡಾಂಬರು, ಹೊಗೆಸೊಪ್ಪು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಪರಿಮಳಗಳ ಹೆಸರು ಹೇಳುತ್ತಾನೆ. ಕೊನೆಗೆ ಒಂದು ಗುಟುಕು. ಆ ಹಳೆಯ ಒಗರು ಹೋಗಿರುವುದಿಲ್ಲ, ಆದರೆ ಪಳಗಿರುತ್ತದೆ. ಕಚ್ಚುತ್ತಿದ್ದ ನಾಯಿ ಈಗ ಬಾಗಿಲಲ್ಲಿ ಮಲಗಿ ಬಾಲವಾಡಿಸುತ್ತದೆ.

ಇಷ್ಟನ್ನು ಓದಿ, “ಇದರಿಂದ ನಮಗೇನು? ಇದು ನಮ್ಮ ಮನೆಯ ಮಾತಲ್ಲ” ಎಂದು ಪುಟ ಮಗುಚಲು ಹೊರಟ ವಾಚಕರು ಸ್ವಲ್ಪ ತಾಳಬೇಕು. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ, ಪಯಸ್ವಿನಿ ನದಿಯ ದಂಡೆಯಲ್ಲಿ ಸುಳ್ಯವೆಂಬ ಊರಿದೆ. ಅಲ್ಲಿನ ತೋಟದ ಮನೆಗಳಲ್ಲಿ ವೈನಿನ ಶೀಸೆ ಕಾಣದಿರಬಹುದು. ಆದರೆ ಒಗರಾದ ಒಂದು ಕಾಯನ್ನು ಕಾಲದ ಕೈಗೆ ಒಪ್ಪಿಸಿ ಹದಗೊಳಿಸುವ ವಿದ್ಯೆ ಆ ಮನೆಗಳಿಗೆ ಪೀಡ್ಮಾಂಟಿನ ಒಕ್ಕಲಿಗನಷ್ಟೇ ಚೆನ್ನಾಗಿ ಗೊತ್ತು. ಅಲ್ಲಿನ ನೆಲಮಾಳಿಗೆಯೆಂದರೆ ಮನೆಯ ಅಟ್ಟ. ಅಲ್ಲಿನ ಬರೋಲೊ ಎಂದರೆ ಹಳೆ ಅಡಿಕೆ.

ಸುಳ್ಯದ ಅಡಿಕೆ ಮಲೆನಾಡಿನ ಕೆಂಪಡಿಕೆಯಂತೆ ಕಾಯಿಯಲ್ಲೇ ಕೊಯ್ದು ಬೇಯಿಸಿದ್ದಲ್ಲ. ಇಲ್ಲಿ ಗೊನೆ ಪೂರ್ತಿ ಹಣ್ಣಾಗುವವರೆಗೆ ಮರದಲ್ಲೇ ಬಿಡುತ್ತಾರೆ. ಕೊಯ್ದ ಹಣ್ಣನ್ನು ಅಂಗಳದಲ್ಲಿ ಹರವಿ, ನಲವತ್ತು ದಿನಗಳಿಗೆ ಕಡಮೆಯಿಲ್ಲದಂತೆ ಬಿಸಿಲಿಗೆ ಕಾಯಿಸಿ, ಆಗಾಗ ಕೈಯಾಡಿಸುತ್ತಾರೆ. ಕಿತ್ತಳೆಯ ಬಣ್ಣದ ಅಂಗಳ ಕ್ರಮೇಣ ಕಂದಾಗುತ್ತದೆ. ಒಂದನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗಿನ ಬೀಜ ಸಿಪ್ಪೆ ಬಿಟ್ಟು ಸದ್ದು ಮಾಡಿದರೆ ಒಣಗಿತೆಂದು ಅರ್ಥ. ಸಿಪ್ಪೆ ಸುಲಿದ ಮೇಲೆ ಇದಕ್ಕೆ ಚಾಲಿ ಎಂದು ಹೆಸರು. ಬಿಳಿ ಅಡಿಕೆಯೆಂದರೂ ಇದೇ.

ಇಲ್ಲಿಂದ ಮುಂದೆ ಕಾಲದ ಕೆಲಸ. ಆಯಾ ವರ್ಷ ಒಣಗಿದ್ದು ಹೊಸ ಅಡಿಕೆ. ಮಳೆಗಾಲ ಕಳೆದು ಮುಂದಿನ ಬೆಳೆ ಅಂಗಳಕ್ಕೆ ಇಳಿದಾಗ ಅದು ಹಳೆ ಅಡಿಕೆಯೆನಿಸಿಕೊಳ್ಳುತ್ತದೆ. ಪೇಟೆಯ ಭಾಷೆಯಲ್ಲಿ ಸಿಂಗಲ್ ಚೋಲ್. ಇನ್ನೂ ಒಂದು ವರ್ಷ ಅಟ್ಟದಲ್ಲಿ ಕುಳಿತರೆ ಡಬ್ಬಲ್ ಚೋಲ್. ಮೆಟ್ಟಿಲು ಏರಿದಂತೆ ಧಾರಣೆಯೂ ಸಾಮಾನ್ಯವಾಗಿ ಏರುತ್ತದೆ. ಹೊಸ ಅಡಿಕೆಯನ್ನು ಬಾಯಿಗೆ ಹಾಕಿದವನಿಗೆ ಒಗರಿನ ಜತೆಗೆ ಸೊಕ್ಕೂ ಬರುತ್ತದೆ. ಕಿವಿ ಬಿಸಿಯೇರಿ, ಹಣೆ ಬೆವತು, ಕುಳಿತಲ್ಲೇ ಮನೆ ಒಂದು ಸುತ್ತು ತಿರುಗಿದಂತಾಗುತ್ತದೆ. ಹಳೆಯದರಲ್ಲಿ ಈ ಆರ್ಭಟ ತಗ್ಗಿರುತ್ತದೆಂಬುದು ತಿನ್ನುವವರ ಅನುಭವ. ತೇವವೆಲ್ಲ ಹೋಗಿ ತೂಕ ಇಳಿದಿರುವುದರಿಂದ ಕೊಳ್ಳುವವನಿಗೆ ನೀರಿಗೆ ದುಡ್ಡು ಕೊಟ್ಟಂತೆಯೂ ಆಗುವುದಿಲ್ಲ.

ಪರೀಕ್ಷೆಯ ಕ್ರಮವೂ ಇಟಲಿಯದಕ್ಕೆ ದೂರವಲ್ಲ. ಮಂಡಿಯಲ್ಲಿ ಕುಳಿತ ಅನುಭವಸ್ಥನು ಗೋಣಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ತಳದಿಂದ ಒಂದು ಹಿಡಿ ಮೇಲೆತ್ತುತ್ತಾನೆ, ಏಕೆಂದರೆ ಗೋಣಿಯ ಬಾಯಲ್ಲಿ ಒಳ್ಳೆಯದೇ ಇರುತ್ತದೆಂಬುದು ಅವನಿಗೆ ಗೊತ್ತು. ಬಣ್ಣ ನೋಡುತ್ತಾನೆ. ಮೂಸುತ್ತಾನೆ. ನಾಲ್ಕನ್ನು ಅಡಕತ್ತರಿಗೆ ಕೊಡುತ್ತಾನೆ. ಸೀಳಿದ ಮೈಯಲ್ಲಿ ಬಿಳುಪಿನ ಮೇಲೆ ಕಂದು ಗೆರೆಗಳು ಸ್ವಚ್ಛವಾಗಿದ್ದರೆ ತಲೆಯಾಡಿಸುತ್ತಾನೆ. ಬೂಷ್ಟಿನ ಕಪ್ಪೋ ಕುಟ್ಟೆ ಹುಳು ಕೊರೆದ ತೂತೋ ಕಂಡರೆ ತುಟಿ ಬಿಗಿಯುತ್ತಾನೆ. ಬಿರಿದದ್ದು ಪಟೋರ, ಕೀಳಾದದ್ದು ಕರಿಗೋಟು, ಹೀಗೆ ರಾಶಿಗಳು ಬೇರೆಯಾಗುತ್ತವೆ. ವೈನು ಸವಿಯುವವನಂತೆ ಗುಲಾಬಿ, ಡಾಂಬರು ಎಂದು ಅವನು ವರ್ಣಿಸುವುದಿಲ್ಲ. ಅವನ ವಿಮರ್ಶೆಯೆಲ್ಲ ಒಂದು ಅಂಕಿಯಲ್ಲಿ ಮುಗಿಯುತ್ತದೆ. ಎದುರಿಗೆ ನಿಂತ ಬೆಳೆಗಾರನು ಆ ಅಂಕಿಗಾಗಿ ವರ್ಷವಿಡೀ ಕಾದಿರುತ್ತಾನೆ.

ಎರಡು ವಿದ್ಯೆಗಳೂ ಒಂದೇ ಎಂದಲ್ಲ. ವೈನು ನೆಲದೊಳಗೆ ಇಳಿಯುತ್ತದೆ, ಅಡಿಕೆ ಅಟ್ಟ ಹತ್ತುತ್ತದೆ. ಅದಕ್ಕೆ ತೇವ ಬೇಕು, ಇದಕ್ಕೆ ತೇವವೇ ಮೃತ್ಯು. ಸುಳ್ಯದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಆಟಿಯ ತಿಂಗಳಲ್ಲಿ ಗೋಡೆಯೇ ಬೆವರುವ ಆ ಊರಿನಲ್ಲಿ ಒಂದು ಕಾಯನ್ನು ಎರಡು ವರ್ಷ ಒಣಗಿಸಿಯೇ ಇಡುವುದು ಸಾಮಾನ್ಯದ ಕೆಲಸವಲ್ಲ. ಅದಕ್ಕಾಗಿಯೇ ಹಿರಿಯರು ಒಲೆಯ ಕಾವು ತಾಗುವ ಅಟ್ಟವನ್ನು ಆರಿಸಿದರು. ಇಂದಿನವರು ಗೋಣಿಯೊಳಗೆ ಪ್ಲಾಸ್ಟಿಕ್ಕಿನ ಚೀಲವಿಟ್ಟು ಬಾಯಿ ಬಿಗಿಯುತ್ತಾರೆ, ಬಿಸಿಲು ಬಿದ್ದ ದಿನ ಮತ್ತೆ ಬಿಚ್ಚಿ ನೋಡುತ್ತಾರೆ.

ದ್ರಾಕ್ಷಿಗೂ ಅಡಿಕೆಗೂ ಇನ್ನೊಂದು ನಂಟಿದೆ. ಮಳೆಗಾಲದಲ್ಲಿ ಎಳೆಯ ಕಾಯಿಗಳನ್ನು ಉದುರಿಸುವ ಕೊಳೆರೋಗಕ್ಕೆ ಬೆಳೆಗಾರರು ಬೋರ್ಡೋ ದ್ರಾವಣದ ಮದ್ದು ಬಿಡುತ್ತಾರೆ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಈ ಬೋರ್ಡೋ ಎಂಬುದು ಫ್ರಾನ್ಸಿನ ವೈನಿನ ಪ್ರಾಂತದ ಹೆಸರು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಬಳಿದಿದ್ದ ಮೈಲುತುತ್ತು-ಸುಣ್ಣವೇ ಅವುಗಳನ್ನು ಬೂಷ್ಟುರೋಗದಿಂದ ಕಾಪಾಡಿದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಗಮನಿಸಿ, 1885ರಲ್ಲಿ ಈ ಮದ್ದನ್ನು ಲೋಕಕ್ಕೆ ತಿಳಿಸಿದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಅದನ್ನು ಅಡಿಕೆಯ ಮರಕ್ಕೆ ಏರಿಸಿದರು. ದ್ರಾಕ್ಷಿಕಳ್ಳರಿಗಾಗಿ ಹುಟ್ಟಿದ ಉಪಾಯ ಕನ್ನಡ ನಾಡಿನ ಅಡಿಕೆಯನ್ನು ಉಳಿಸಿತು.

ಇಷ್ಟು ಹೇಳಿದ ಮೇಲೂ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ. ಕಾದರೆ ಬೆಲೆ ಬರುವುದು ನಿಜ; ಆದರೆ ಕಾಯುವ ಸಾಮರ್ಥ್ಯ ಯಾರಿಗುಂಟು?

ಸುಳ್ಯದ ಕಡೆಯ ಒಂದೆಕರೆ ತೋಟದ ಗೃಹಸ್ಥನೊಬ್ಬನನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಲಿ. ಮೇ ತಿಂಗಳ ಕೊನೆ. ಸುಲಿದ ಅಡಿಕೆ ಗೋಣಿಗಳಲ್ಲಿ ತುಂಬಿ ಜಗಲಿಯಲ್ಲಿ ನಿಂತಿದೆ. ಮಗಳನ್ನು ಕಾಲೇಜಿಗೆ ಸೇರಿಸಬೇಕು, ಗೊಬ್ಬರದ ಬಾಕಿ ತೀರಿಸಬೇಕು, ಮದ್ದು ಬಿಡುವವನಿಗೆ ಮುಂಗಡ ಕೊಡಬೇಕು.

“ಈ ಸಲವೂ ಎಲ್ಲ ಕೊಡುವುದೋ? ಎರಡು ಗೋಣಿಯಾದರೂ ಅಟ್ಟಕ್ಕೆ ಹಾಕಬಾರದಾ?” ಎನ್ನುತ್ತಾಳೆ ಹೆಂಡತಿ.

“ಹಾಕಬಹುದಿತ್ತು ಮಾರಾಯ್ತಿ. ಅಡಿಕೆ ಕಾಯ್ತದೆ, ಫೀಸು ಕಾಯುವುದಿಲ್ಲ ಅಲ್ವಾ?” ಎನ್ನುತ್ತಾನೆ ಅವನು.

ಗೋಣಿಗಳು ಜೀಪು ಹತ್ತುತ್ತವೆ. ಅಲ್ಲಿಗೆ ಅಡಿಕೆ ಹಳೆಯದಾಗುವುದು ನಿಲ್ಲುವುದಿಲ್ಲ. ಅದು ಬೇರೊಬ್ಬನ ಉಗ್ರಾಣದಲ್ಲಿ ಹಳೆಯದಾಗುತ್ತದೆ. ಕಾಲವು ಕೊಟ್ಟ ಹೆಚ್ಚಿನ ಬೆಲೆ ಗಿಡ ನೆಟ್ಟವನಿಗೆ ಸೇರದೆ, ಕಾಯಲು ಬಲವಿದ್ದವನಿಗೆ ಸೇರುತ್ತದೆ. ಅಟ್ಟವೆಲ್ಲರಿಗೂ ಉಂಟು, ಅದರಲ್ಲಿ ಇಡುವ ಧೈರ್ಯ ಸಾಲವಿಲ್ಲದವನಿಗೆ ಮಾತ್ರ.

ಬಾರ್ಬರೆಸ್ಕೊ ಎಂಬ ಹಳ್ಳಿಯ ಒಕ್ಕಲಿಗರೂ ಇದೇ ಕಷ್ಟವನ್ನು ಉಂಡವರು. ತುಂಡು ಭೂಮಿಯವನಿಗೆ ಪೀಪಾಯಿಯಿಲ್ಲ, ಮಾಳಿಗೆಯಿಲ್ಲ. ಹಣ್ಣನ್ನು ವರ್ತಕ ಹೇಳಿದ ಬೆಲೆಗೆ ಕೊಟ್ಟು ಬರಬೇಕು. 1894ರಲ್ಲಿ ಆಲ್ಬಾದ ಮದ್ಯಶಾಸ್ತ್ರದ ಶಾಲೆಯ ಮುಖ್ಯಸ್ಥರಾಗಿದ್ದ ದೊಮಿತ್ಸಿಯೊ ಕವಾತ್ಸಾ ಅವರು ಕೆಲವು ಬೆಳೆಗಾರರನ್ನು ಕೂಡಿಸಿ ಒಂದು ಸಮಾನ ಮಾಳಿಗೆಯನ್ನು ಮಾಡಿದರು. ಮುಸೊಲಿನಿಯ ಕಾಲದಲ್ಲಿ ಅದು ಮುಚ್ಚಿತು. 1958ರಲ್ಲಿ ಆ ಹಳ್ಳಿಯ ಪಾದ್ರಿಗಳು ಹತ್ತೊಂಬತ್ತು ಮಂದಿ ಸಣ್ಣ ಬೆಳೆಗಾರರನ್ನು ಒಟ್ಟುಗೂಡಿಸಿ ಅದನ್ನು ಪುನಃ ಕಟ್ಟಿದರು. ಮೊದಲ ಮೂರು ವರ್ಷದ ವೈನು ಸಿದ್ಧವಾದದ್ದು ಇಗರ್ಜಿಯ ನೆಲಮನೆಯಲ್ಲಿ. ಒಬ್ಬೊಬ್ಬನಿಗೂ ಇಲ್ಲದ ತಾಳ್ಮೆ ಹತ್ತೊಂಬತ್ತು ಮಂದಿ ಕೂಡಿದಾಗ ಉಂಟಾಯಿತು.

ದಕ್ಷಿಣ ಕನ್ನಡದ ಕಥೆಯೂ ಇದರ ತಮ್ಮನಂತಿದೆ. 1970ರ ದಶಕದ ಆರಂಭದಲ್ಲಿ ಧಾರಣೆ ನೆಲಕಚ್ಚಿದಾಗ ಬೆಳೆಗಾರರು ದಿಕ್ಕುಗೆಟ್ಟರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಕೇರಳಗಳ ಬೆಳೆಗಾರರಿಗಾಗಿ 1973ರ ಜುಲೈ ತಿಂಗಳಲ್ಲಿ ಕ್ಯಾಂಪ್ಕೊ ಎಂಬ ಸಹಕಾರ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿತು. ಹೊಸತು, ಹಳೆಯದು, ಡಬ್ಬಲ್ ಚೋಲ್ ಎಂದು ಬೇರೆ ಬೇರೆ ಧಾರಣೆಯನ್ನು ಅದು ಬಹಿರಂಗವಾಗಿ ಸಾರುವುದರಿಂದ, ಪೇಟೆಗೆ ಹೊರಡುವ ಮೊದಲೇ ಬೆಳೆಗಾರನಿಗೆ ತನ್ನ ಗೋಣಿಯ ಯೋಗ್ಯತೆ ತಿಳಿಯುತ್ತದೆ. ಹಳ್ಳಿಯ ಸಹಕಾರ ಸಂಘಗಳಲ್ಲಿ ಅಡಿಕೆಯನ್ನು ಅಡವಿಟ್ಟು ಸಾಲ ಪಡೆಯುವ ಕ್ರಮವೂ ಇದೆ. ನೋಡಿದರೆ ಸಂಘವು ಕೊಡುವುದು ಹಣವೆಂದು ತೋರುತ್ತದೆ. ವಾಸ್ತವವಾಗಿ ಅದು ಕೊಡುವುದು ಕಾಲ. ಆ ಗೃಹಸ್ಥನ ಎರಡು ಗೋಣಿ ಸಂಘದ ಗೋದಾಮಿನಲ್ಲಿ ಹಳೆಯದಾಗಬಹುದು, ಮಗಳೂ ಕಾಲೇಜಿಗೆ ಹೋಗಬಹುದು.

ಹಾಗೆಂದು ಕಾಯುವುದೆಲ್ಲ ಲಾಭವೆಂದು ಭ್ರಮಿಸಬಾರದು. ಎರಡು ವರ್ಷ ಕಾದ ಮೇಲೆ ಧಾರಣೆ ಬೀಳಬಹುದು, ಸಾಲದ ಬಡ್ಡಿ ಬೆಳೆಯಬಹುದು, ಗೋಣಿಯೊಳಗೆ ಕುಟ್ಟೆ ಹೊಕ್ಕಿರಬಹುದು. ಸಂಪಾಜೆ, ಅರಂತೋಡುಗಳ ಕಡೆಯ ತೋಟಗಳಿಗಂತೂ ಹಳದಿ ಎಲೆ ರೋಗ ತಗುಲಿ, ಅನೇಕ ಕುಟುಂಬಗಳಲ್ಲಿ ಅಟ್ಟಕ್ಕೆ ಏರಿಸುವಷ್ಟು ಅಡಿಕೆಯೇ ಇಲ್ಲವಾಗಿದೆ. ಆ ರೋಗಕ್ಕೆ ಬೋರ್ಡೋ ದ್ರಾವಣದಂತಹ ಮದ್ದೂ ಇಲ್ಲ. ಇನ್ನೊಂದು ಸತ್ಯವನ್ನೂ ಮುಚ್ಚಿಡಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯಪಾನೀಯಗಳನ್ನು 1988ರಲ್ಲಿಯೂ ಅಡಿಕೆಯನ್ನು 2004ರಲ್ಲಿಯೂ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಗೆ ಸೇರಿಸಿತು. ಹಳೆಯದಾದರೆ ಒಗರು ಪಳಗೀತು, ಆ ದೋಷ ಪಳಗದು. ತೋಟವನ್ನೇ ನಂಬಿದ ಮನೆಗಳಲ್ಲಿ ಮಕ್ಕಳನ್ನು ಓದಿಸುವ ಆತುರ ಇಷ್ಟು ಹೆಚ್ಚಾಗಿರುವುದಕ್ಕೆ ಇವೆಲ್ಲವೂ ಕಾರಣವಾಗಿರಬಹುದು.

ಆದ್ದರಿಂದ ಆ ಗೃಹಸ್ಥನು ಹೊಸ ಅಡಿಕೆಯನ್ನು ಮಾರಿ ಮಗಳ ಫೀಸು ಕಟ್ಟಿದನೆಂದರೆ ಅವನು ವ್ಯವಹಾರ ಬಲ್ಲದವನೆಂದು ನಗುವಂತಿಲ್ಲ. ಅವನೂ ಕಾಯುವವನೇ. ಅಟ್ಟದಲ್ಲಿ ಇಡಬೇಕಾದುದನ್ನು ಕಾಲೇಜಿನಲ್ಲಿ ಇಟ್ಟಿದ್ದಾನೆ. ಎರಡು ವರ್ಷಕ್ಕೆ ಡಬ್ಬಲ್ ಚೋಲ್ ಆಗುವ ಸರಕಲ್ಲ ಅದು. ಮೂರೋ ನಾಲ್ಕೋ ಮಳೆಗಾಲ ಬೇಕು. ಅಷ್ಟರಲ್ಲಿ ಎಂದಾದರೂ ಒಂದು ವರ್ಷ ಧಾರಣೆ ಕೈಹಿಡಿದು, ಬಾಕಿಯೆಲ್ಲ ತೀರಿ, ಒಂದು ಗೋಣಿಯಾದರೂ ಅಟ್ಟ ಹತ್ತಿದರೆ, ಆ ದಿನ ಏಣಿಯನ್ನು ಹಿಡಿದುಕೊಳ್ಳುವವಳು ಅವನ ಹೆಂಡತಿಯೇ. ಮೇಲಿನಿಂದ ಅವನು “ಹಿಡಿದಿದ್ದೀಯಾ?” ಎಂದು ಕೇಳುತ್ತಾನೆ. ಅವಳು, “ಹಿಡಿದಿದ್ದೇನೆ, ನೀವು ಮೆಲ್ಲಗೆ ಇಳಿಯಿರಿ” ಎನ್ನುತ್ತಾಳೆ.