ಇನ್ನೊಂದು ಸುತ್ತು ಬೇಡ

ಆರೋಗ್ಯದ ಹೆಸರಿನಲ್ಲಿ ಸಿರಿಧಾನ್ಯ ಮಾರುವ ಸಣ್ಣ ಸ್ಟಾರ್ಟಪ್‌ಗಳಿಗೆ ಕೆಲಸಕ್ಕೆ ಸೇರುವ ತೆಲಂಗಾಣದ ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಯುವಕ ಯುವತಿಯರಿಗೆ ಒಂದು ಮಾತು ಹೇಳಬೇಕಾಗಿದೆ. ಕಂಪನಿ ಮಾರುವ ಆರೋಗ್ಯ ತೀರ್ಮಾನವಾಗುವುದು ಸಿಪ್ಪೆ ಸುಲಿಯುವ ಯಂತ್ರದ ಮುಂದೆ. ಅಲ್ಲಿ ನಿಂತಿರುವವರು ನೀವು.

ನವಣೆ, ಸಾವೆ, ಹಾರಕದ ಹೊರಸಿಪ್ಪೆ ಗಟ್ಟಿ. ಅದು ಹೋಗಲೇಬೇಕು. ಅದರ ಕೆಳಗಿನ ತೆಳು ತವುಡಿನಲ್ಲಿ ನಾರಿದೆ, ಖನಿಜಾಂಶವಿದೆ, ಬಿ ಜೀವಸತ್ವಗಳಿವೆ, ಎಣ್ಣೆಯೂ ಇದೆ. ಕಾಳನ್ನು ಇನ್ನೊಂದು ಸುತ್ತು ಹಾಯಿಸಿದರೆ ಅದೂ ಉದುರಿ ದನದ ಮೇವಿಗೆ ಸೇರುತ್ತದೆ. ಹೀಗೆ ಹಾಯಿಸಲು ಕಾರಣವಿದೆ. ತವುಡಿನ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಪಾಲಿಶ್ ಆದ ಕಾಳು ಅಂಗಡಿಯ ಕಪಾಟಿನಲ್ಲಿ ಹೆಚ್ಚು ದಿನ ಬಾಳುತ್ತದೆ, ಬೇಗ ಬೇಯುತ್ತದೆ, ಕಣ್ಣಿಗೂ ಚೆಂದ. ಎರಡನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿ. ತವುಡು ಉಳಿದ ನವಣೆ ಮಾಸಲು ಹಳದಿ, ಹೊಳಪಿಲ್ಲ. ಪಾಲಿಶ್ ಆದದ್ದು ನುಣುಪಾಗಿ, ಬಿಳುಪಿಗೆ ತಿರುಗಿರುತ್ತದೆ. ಸಕ್ಕರೆ ಕಾಯಿಲೆಯವರು ಅಕ್ಕಿಗಿಂತ ಹೆಚ್ಚು ದುಡ್ಡು ಕೊಟ್ಟು ಈ ಎರಡನೆಯದನ್ನು ಒಯ್ದರೆ ಅವರಿಗೆ ಸಿಗುವುದು ಇನ್ನೊಂದು ಬಗೆಯ ಬಿಳಿ ಅಕ್ಕಿ. ಔಷಧಿಯಷ್ಟೇ ನಂಬಿಕೆಯಿಂದ ಉಣ್ಣುವವರಿಗೆ ಹೀಗೆ ಮಾಡುವುದು ಮೋಸ.

ಕೇಂದ್ರ ಸರ್ಕಾರ 2018ರಲ್ಲಿ ಸಿರಿಧಾನ್ಯಗಳನ್ನು ಪೌಷ್ಟಿಕ ಧಾನ್ಯಗಳೆಂದು ಅಧಿಸೂಚಿಸಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬರುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ 15 ಬಗೆಯ ಸಿರಿಧಾನ್ಯಗಳಿಗೆ ಗುಣಮಟ್ಟ ಗೊತ್ತುಪಡಿಸಿತು. ತೇವಾಂಶ, ಯೂರಿಕ್ ಆಮ್ಲ, ಕಸಕಡ್ಡಿ, ಹುಳು ಹಿಡಿದ ಕಾಳು, ಜೊಳ್ಳು ಎಲ್ಲಕ್ಕೂ ಮಿತಿ ಇದೆ. ತವುಡು ಎಷ್ಟು ಉಳಿದಿರಬೇಕೆಂಬ ಮಾತು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸದ್ಯಕ್ಕೆ ಅದು ಕೆಲಸಗಾರರ ಮತ್ತು ಮಾಲೀಕರ ಆತ್ಮಸಾಕ್ಷಿಗೆ ಬಿಟ್ಟದ್ದು. ಈ ನೆಲಕ್ಕೆ ಅಂಥ ಆತ್ಮಸಾಕ್ಷಿ ಹೊಸದಲ್ಲ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ಮಹಿಳೆಯರು, ಅವರಲ್ಲಿ ಬಹುಪಾಲು ದಲಿತರು, ತುಂಡು ಹೊಲಗಳಲ್ಲಿ ಜೋಳ, ಸಜ್ಜೆ, ನವಣೆ, ಸಾವೆಗಳನ್ನು ತೊಗರಿಯ ಜೊತೆ ಬೆರೆಸಿ ಬೆಳೆದರು, ಬೀಜ ಕಾಪಾಡಿದರು. ಅವರ ಜೊತೆ ನಿಂತ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು. ಸಿರಿಧಾನ್ಯ ವರ್ಷದ ಮಾರ್ಚ್‌ನಲ್ಲೇ ತೀರಿಕೊಂಡರು. ಮಾರುಕಟ್ಟೆ ಕಣ್ಣೆತ್ತಿಯೂ ನೋಡದ ಕಾಲದಲ್ಲಿ ಆ ಮಹಿಳೆಯರು ಸಿರಿಧಾನ್ಯ ಬೆಳೆದದ್ದು ಮೊದಲು ತಮ್ಮ ಮಕ್ಕಳು ಉಣ್ಣಲೆಂದು.

ಸಣ್ಣ ಕಂಪನಿಯಲ್ಲಿ ದುಡಿಯುವವರಿಗೆ ದೊಡ್ಡ ಗಿರಣಿಯವರಿಗಿಲ್ಲದ ಒಂದು ಅನುಕೂಲವಿದೆ. ಯಂತ್ರ ನಡೆಸುವವರೇ ಅಲ್ಲಿ ಗಿರಾಕಿಯ ಫೋನಿಗೂ ಉತ್ತರ ಕೊಡುತ್ತಾರೆ; ಮಾಲೀಕ ಪಕ್ಕದ ಮೇಜಿನಲ್ಲೇ ಇರುತ್ತಾನೆ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಜಾರಿಯಾಗಬಹುದು. ಬೇಕಾದಷ್ಟೇ ಸುಲಿದು, ಬೇಗ ಕಳಿಸಿದರೆ ಕಮಟಿನ ಭಯಕ್ಕೂ ಪರಿಹಾರ ಸಿಗುತ್ತದೆ. ಆದ್ದರಿಂದ ಕೇಳಿ: ಸಿಪ್ಪೆ ಸುಲಿದ ದಿನಾಂಕ ಯಾವುದು, ಪಾಲಿಶ್ ಆಗಿದೆಯೇ ಇಲ್ಲವೇ, ಇವೆರಡನ್ನೂ ಪ್ರತಿ ಪ್ಯಾಕೆಟ್ಟಿನ ಮೇಲೆ ತೆಲುಗಿನಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ. ಮಾಲೀಕರು ಒಪ್ಪದಿದ್ದರೆ ಮತ್ತೆ ಕೇಳಿ.